ಹೊಟ್ಟೋ, ಥರ್ಮೋಕೋಲೋ

"ನಮ್ಮನೇಲಿ ಎಮ್ಮೆ ಇಲ್ಲ, ಹೊಟ್ಟು ಬೇಡ" ಎಂದು ಮೊದಲ ದಿನ ಅವರನ್ನು ಗೇಟಿನಲ್ಲೇ ನಿಲ್ಲಿಸಿದವಳು ನಾನು.

"ಎಮ್ಮೆಗಲ್ಲ ರೀ, ಗೋಡೆಗೆ" ಎಂದರು. ಹೆಗಲ ಮೇಲೆ ಭತ್ತದ ಹೊಟ್ಟಿನ ಚೀಲ, ಹುಬ್ಬಿನ ಮೇಲೂ ಹೊಟ್ಟಿನ ಧೂಳು. ನಗು ತಡೆಯಲಾಗದೆ ದುಪಟ್ಟಾ ಬಾಯಿಗೆ ಒತ್ತಿಕೊಂಡೆ. ಅವರು ಅದನ್ನೂ ನೋಡಿಬಿಟ್ಟರು.

ಸೊರಬದ ರೈಸ್‌ಮಿಲ್ಲಿನ ಸಂಗಮೇಶ್. ನಮ್ಮಪ್ಪಾಜಿ ಪರಮಶಿವಪ್ಪನವರು ಶಿಕಾರಿಪುರದಲ್ಲಿ ಐಸ್ ಫ್ಯಾಕ್ಟರಿ ಕಟ್ಟಿಸುತ್ತಿದ್ದ ತೊಂಬತ್ನಾಲ್ಕರ ಬೇಸಿಗೆ ಅದು. ಐಸ್ ಇಡುವ ಕೋಣೆಗೆ ಜೋಡಿ ಗೋಡೆ, ನಡುವೆ ಖಾಲಿ ಸಂದಿ. ಹೊರಗಿನ ಸೆಕೆ ಒಳಗೆ ಹೋಗದಂತೆ ಆ ಸಂದಿಗೆ ಹೊಟ್ಟು ತುಂಬುವುದೋ, ಥರ್ಮೋಕೋಲ್ ಹಾಕುವುದೋ ಎಂದು ಅಪ್ಪಾಜಿಗೆ ತೀರ್ಮಾನವೇ ಆಗುತ್ತಿರಲಿಲ್ಲ.

ಥರ್ಮೋಕೋಲ್ ಅಂದರೆ ದಾವಣಗೆರೆಯ ನನ್ನ ಸೋದರಮಾವ. ಅವರದ್ದೇ ಏಜೆನ್ಸಿ. "ಲಾರಿ ತುಂಬಾ ಕಳಿಸ್ತೀನಿ ಭಾವ, ದುಡ್ಡಿನ ಮಾತು ಬೇಡ. ಲಾರಿ ಹಿಂದೇನೇ ವೀಳ್ಯ ತಗೊಂಡು ನಾವೂ ಬರ್ತೀವಿ" ಎಂದು ಫೋನ್ ಮಾಡಿದ್ದರು. ಮಾವನ ಮಗ ನಾಗರಾಜನಿಗೆ ನಾನು ಎಂದು ತೊಟ್ಟಿಲಲ್ಲಿದ್ದಾಗಲೇ ಆಡಿದ್ದ ಮಾತು. ನಮ್ಮ ಕಡೆ ವೀಳ್ಯ ಬದಲಾದರೆ ಮುಗೀತು, ಆಮೇಲೆ ಬೇಡ ಅಂದವಳು ಮನೆಯ ಮಾನ ಕಳೆದವಳು. ನಾಗರಾಜ ಕೆಟ್ಟವನಲ್ಲ. ನಾನು ಬಿ.ಎಸ್ಸಿ. ಓದಿದ್ದನ್ನು ತಮಾಷೆ ಎಂದುಕೊಂಡವನು, ಅಷ್ಟೆ. ಆದರೂ ಅವ್ವ ಆರತಿ ತಟ್ಟೆ ಉಜ್ಜುವ ಸದ್ದು ಕೇಳಿದರೆ ನನಗೆ ಉಸಿರು ಕಟ್ಟುತ್ತಿತ್ತು. ಮನೆಯ ಬಾಗಿಲುಗಳೆಲ್ಲ ತೆರೆದೇ ಇದ್ದವು, ನನಗೆ ಹೋಗಲು ಮಾತ್ರ ಎಲ್ಲೂ ಜಾಗವಿರಲಿಲ್ಲ.

ಹೊಟ್ಟು ಗೆದ್ದರೆ ಲಾರಿ ಬರುವುದಿಲ್ಲ. ಹಾಗಾಗಿ ನಾನು ಹೊಟ್ಟಿನ ಪಾರ್ಟಿ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಕಾರಣ ಆಗಾಗ ಸೊರಬದ ಬಸ್ಸಿಳಿದು ನಮ್ಮನೆಗೆ ಬರುತ್ತಿತ್ತು. "ಕಾಫಿ ಹೆಂಗಿದೆ?" ಅಂದರೆ, "ಕಾಫಿ ಕಡೆ ಗಮನ ಇರ್ಲಿಲ್ಲ ರೀ" ಎಂದು ನನ್ನನ್ನೇ ನೋಡುತ್ತಿತ್ತು.

ಕೊನೆಗೆ ಅಪ್ಪಾಜಿ ಒಂದು ಪರೀಕ್ಷೆ ಇಟ್ಟರು. ಎರಡು ಮರದ ಪೆಟ್ಟಿಗೆ ಮಾಡಿಸಿದರು, ಒಂದರ ಸುತ್ತ ಥರ್ಮೋಕೋಲ್, ಇನ್ನೊಂದರ ಸುತ್ತ ಹೊಟ್ಟು. ಶಿವಮೊಗ್ಗದಿಂದ ತರಿಸಿದ ಐಸನ್ನು ಸಮನಾಗಿ ಒಡೆದು ಎರಡಕ್ಕೂ ಹಾಕಿ ಅಂಗಳದ ಬಿಸಿಲಿಗಿಟ್ಟರು.

"ಸಂಜೆಗೆ ಯಾವುದರಲ್ಲಿ ಐಸ್ ಜಾಸ್ತಿ ಉಳಿಯುತ್ತೋ ಅದೇ ಗೋಡೆಗೆ" ಎಂದು ಅಂಗಡಿಗೆ ಹೋದರು. ಕಾವಲಿಗೆ ಉಳಿದವರು ನಾನು ಮತ್ತು ಸಂಗಮೇಶ್.

ಇಳಿಹೊತ್ತಿಗೆ ಮುಚ್ಚಳ ತೆಗೆದು ನೋಡಿದೆ. ಥರ್ಮೋಕೋಲಿನ ಐಸ್ ಇನ್ನೂ ಕುಂಬಳಕಾಯಿಯಷ್ಟಿತ್ತು. ಹೊಟ್ಟಿನದು ತೆಂಗಿನಕಾಯಿಯಷ್ಟಾಗಿತ್ತು. ಎರಡು ಐಸನ್ನೂ ಅದಲುಬದಲು ಮಾಡೋಣವೆಂದು ಕೈ ಹಾಕಿದೆ. ಅವರು ನನ್ನ ಕೈ ಹಿಡಿದುಕೊಂಡರು. ಐಸಿಗೆ ಮರಗಟ್ಟಿದ್ದ ಬೆರಳಿಗೆ ಅವರ ಅಂಗೈ ಬಿಸಿಬಿಸಿ ತಾಗಿತು.

"ಬೇಡ ನೀಲಾ."

ಅಲ್ಲಿಯವರೆಗೆ ಅವರ ಬಾಯಲ್ಲಿ ನಾನು ನೀಲಾಂಬಿಕ ಅವ್ರೇ ಆಗಿದ್ದೆ. ಬೇರೆ ದಿನವಾಗಿದ್ದರೆ ಇದಕ್ಕೇ ಹಬ್ಬ ಮಾಡುತ್ತಿದ್ದೆ.

"ಬಿಡ್ರಿ ಕೈ. ಯಾರಿಗೆ ಗೊತ್ತಾಗುತ್ತೆ?"

"ನಾಲ್ಕು ಮಳೆಗಾಲ ಕಳೀಲಿ, ಊರಿಗೆಲ್ಲ ಗೊತ್ತಾಗುತ್ತೆ. ಹೊಟ್ಟು ತೇವ ಹೀರಿ ಕುಸಿಯುತ್ತೆ, ಮೇಲೆಲ್ಲ ಗೋಡೆ ಪೊಳ್ಳು. ನಿಮ್ಮಪ್ಪಾಜಿ ಇರೋದನ್ನೆಲ್ಲ ಈ ಫ್ಯಾಕ್ಟರಿಗೆ ಸುರಿದಿದಾರೆ. ಅವರಿಗೇ ಟೋಪಿ ಹಾಕಿ ಅವರ ಅಳಿಯ ಆಗ್ಲಾ?"

ಅಳಿಯ ಎಂದದ್ದು ಅವರಿಗೇ ತಡವಾಗಿ ಕೇಳಿಸಿತು. ಕಿವಿ ಕೆಂಪಾದವು. ನನಗೋ ಖುಷಿ, ಸಿಟ್ಟು, ಅಳು ಎಲ್ಲ ಒಟ್ಟಿಗೇ ಬಂತು.

"ನಿಮ್ಮ ನಿಯತ್ತಿಗೋಸ್ಕರ ನಾನು ದಾವಣಗೆರೆಗೆ ಹೋಗ್ಬೇಕಾ? ನಾನು ಬೇಕಾ, ಬೇಡ್ವಾ? ಅದನ್ನಾದ್ರೂ ನೆಟ್ಟಗೆ ಹೇಳ್ರಿ."

"ಬೇಕು" ಎಂದರು. "ಮಿಲ್ಲು ಓಡ್ತಿದ್ರೂ ನಿಮ್ಮದೇ ಯೋಚ್ನೆ, ನಿಂತ್ರೂ ನಿಮ್ಮದೇ. ಆದ್ರೆ ಹಿಂಗೆ ಮೋಸ ಮಾಡಿ ಬೇಡ."

ಅಷ್ಟರಲ್ಲಿ ಅಪ್ಪಾಜಿ ಬಂದರು. ಅವ್ವನೂ ಹೊರಗೆ ಬಂದರು. ಪೆಟ್ಟಿಗೆ ನೋಡಿ ಅಪ್ಪಾಜಿ ಬಾಯಿ ತೆರೆಯುವ ಮೊದಲೇ ಸಂಗಮೇಶ್ ಹೇಳಿಬಿಟ್ಟರು, "ಯಜಮಾನ್ರೇ, ಥರ್ಮೋಕೋಲೇ ಹಾಕ್ಸಿ."

ಅವ್ವನ ಮುಖ ಅರಳಿತು. "ನಡೀರಿ, ಈಗ್ಲೇ ಅಣ್ಣನಿಗೆ ಫೋನ್ ಮಾಡೋಣ" ಎಂದು ಒಳಗೆ ನಡೆದರು. ಸಂಗಮೇಶ್ ತಲೆ ತಗ್ಗಿಸಿ ಖಾಲಿ ಚೀಲ ಮಡಚತೊಡಗಿದರು. ಈಗ ಬಾಯಿ ಬಿಡದಿದ್ದರೆ ಜನ್ಮಪೂರ್ತಿ ಮುಚ್ಚಿಕೊಂಡೇ ಇರಬೇಕು ಅನ್ನಿಸಿತು ನನಗೆ.

"ಅಪ್ಪಾಜಿ, ಗೋಡೆಗೆ ಥರ್ಮೋಕೋಲ್ ಹಾಕ್ರಿ. ಅದರ ಜೊತೆ ನನ್ನನ್ನೂ ಹಾಕಿ ಮುಚ್ಚಬೇಡ್ರಿ. ನಾನು ನಾಗರಾಜನ್ನ ಮದುವೆ ಆಗಲ್ಲ. ಆದ್ರೆ ಇವರನ್ನೇ ಆಗೋದು."

"ನೀಲಾ!" ಒಳಗೆ ಫೋನ್ ಕೈಗೆತ್ತಿಕೊಂಡಿದ್ದ ಅವ್ವನ ಕೂಗಿಗೆ ಪಕ್ಕದ ಮನೆಯ ತುಂಗಮ್ಮ ಕಿಟಕಿಗೆ ಬಂದರು.

ಅಪ್ಪಾಜಿ ಬೈಯಲಿಲ್ಲ. ಕರಗುತ್ತಿದ್ದ ಐಸನ್ನು ನೋಡಿದರು, ತನ್ನ ಸರಕನ್ನು ತಾನೇ ಬೇಡವೆಂದ ಹುಡುಗನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಶಕುಂತಲಾ, ಫೋನ್ ಇಡು" ಎಂದರು. ಆಮೇಲೆ ಚೀಲ ಹಿಡಿದು ನಿಂತವರ ಕಡೆ ತಿರುಗಿದರು. "ಏನಪ್ಪಾ ಸಂಗಮೇಶ, ಈ ಥರ್ಮೋಕೋಲು ಹುಬ್ಬಳ್ಳೀಲೂ ಸಿಗುತ್ತಾ?"

"ಸಿಗುತ್ತೆ ಯಜಮಾನ್ರೇ."

"ಹಂಗಾದ್ರೆ ನಾಳೆ ನಾವಿಬ್ರೂ ಹೋಗಿ, ದುಡ್ಡು ಕೊಟ್ಟೇ ತರೋಣ."