ಕಾಲು ಅಗಲಿಸಿ ನಿಂತ ಹರಿಕೇನ್

“ಸ್ಪಿಟ್‌ಫೈರ್ ಅಲ್ದಿದ್ರೆ ನಾನು ಬಣ್ಣ ಬಳಿಯಲ್ಲ ಕಣೇ, ನೋಡ್ಕೊ,” ಎಂದು ಶಿವಕಿರಣ್ ಬ್ರಶ್ಶನ್ನು ಬೆಂಚಿನ ಮೇಲೆ ಕುಕ್ಕಿದ.

ಮಂಜುಶ್ರೀ ತಲೆಯೆತ್ತಲಿಲ್ಲ. ಅವಳ ಮುಂದೆ ಎರಡು ಚಿತ್ರಗಳಿದ್ದವು. ಎರಡೂ ತಾತಂದಿರ ಕಾಲದ ಯುದ್ಧವಿಮಾನಗಳು. ಸ್ಪಿಟ್‌ಫೈರ್‌ನದು ಎಲೆಯಂತೆ ಬಾಗಿದ ರೆಕ್ಕೆ. ನೋಡಿದರೆ ನೋಡುತ್ತಲೇ ಇರಬೇಕು. ಹರಿಕೇನ್‌ನದು ಗೂನು ಬೆನ್ನು, ದಪ್ಪ ರೆಕ್ಕೆ.

“ಸ್ಪಿಟ್‌ಫೈರ್ ಹಾರಿಸ್ತೀನಿ ಅಂತ ಕ್ಲಾಸಿಗೆಲ್ಲ ಡಂಗುರ ಹೊಡೆದೋಳು ನೀನೇ. ಈಗ ಈ ಗೂಬೇನ ಯಾಕೆ ನೋಡ್ತಿದೀಯ?”

ಪುಟ್ಟ ವಿಮಾನ ಮಾಡಿ ಹಾರಿಸುವ ಮಾಡೆಲ್ ಕ್ಲಬ್ಬಿನ ಬಿಂದುಮಾಧವ ಸರ್ ಕನ್ನಡಕ ಒರೆಸಿಕೊಂಡರು. “ಹಾರಿಸೋಳು ಅವಳು. ಯಾವುದು ಅಂತ ಅವಳೇ ಹೇಳ್ಲಿ. ಆದ್ರೆ ಮಂಜು, ನಮ್ಮತ್ರ ಇರೋದು ಒಂದೇ ಎಂಜಿನ್. ಹೋದ ವರ್ಷದ ವಿಮಾನ ನೆಲದ ಮೇಲೆ ಓಡ್ತಾನೇ ಮಗುಚ್ಕೊಳ್ತಲ್ಲ, ಹಾಗಾದ್ರೆ ಇದೂ ಹೋಯ್ತು. ಕ್ಲಬ್ಬಿಗೆ ಬೀಗ.”

“ನಾಳೆ ಹೇಳ್ತೀನಿ ಸರ್. ಸರಿಯಾಗೇ ಹೇಳ್ತೀನಿ,” ಎಂದಳು ಮಂಜುಶ್ರೀ.

ಅವರ ವಿಮಾನ ರಿಮೋಟಿನದಲ್ಲ. ರೆಕ್ಕೆಯಿಂದ ಎರಡು ತೆಳು ತಂತಿಗಳು ಹೊರಟು, ಹಾರಿಸುವವರ ಕೈಯ ಹಿಡಿಗೆ ಬಂದು ಸೇರುತ್ತವೆ. ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿದರೆ ವಿಮಾನ ಏರುತ್ತದೆ, ಕೆಳಕ್ಕೆ ಬಾಗಿಸಿದರೆ ಇಳಿಯುತ್ತದೆ. ಅದು ಸುತ್ತಲೂ ಹಾರಿದಂತೆ ಹಾರಿಸುವವರೂ ನಿಂತಲ್ಲೇ ಸುತ್ತಬೇಕು.

ಸಂಜೆ ತಾತ ಜವರಯ್ಯನಿಗೆ ಕಾಫಿ ಫ್ಲಾಸ್ಕ್ ಕೊಡಲು ಮಂಜುಶ್ರೀ ಗರಡಿ ಮನೆಗೆ ಹೋದಳು. ತಾತ ಹಳೇ ಪೈಲ್ವಾನ್. ಈಗ ಹುಡುಗರಿಗೆ ಕುಸ್ತಿ ಕಲಿಸುತ್ತಾನೆ. ಅವಳು ಬಾಗಿಲಲ್ಲೇ ನಿಂತು ಇಣುಕಿದಳು.

ಕೆಮ್ಮಣ್ಣಿನ ಮೇಲೆ ಇಬ್ಬರಿದ್ದರು. ಒಬ್ಬ ಎತ್ತರದ ಆಳು, ಕಡೆದಿಟ್ಟಂಥ ಮೈ. ಇನ್ನೊಬ್ಬ ಗಿಡ್ಡ, ಡೊಳ್ಳುಹೊಟ್ಟೆ.

“ಏ ಉದ್ದುದ್ದೋನೆ, ಕಾಲು ಅಗಲ್ಸಲಾ,” ತಾತ ಗದರಿದ. “ಜೋಡಿಸ್ಕಂಡು ನಿಂತ್ಕೊಳಕೆ ಇದೇನು ಫೋಟೋ ಸ್ಟುಡಿಯೋನಾ?”

ಮಾತು ಮುಗಿಯುವುದರೊಳಗೆ ಎತ್ತರದವನು ಮಣ್ಣಿನಲ್ಲಿದ್ದ. ಗಿಡ್ಡನ ಅಗಲಿಸಿದ ಕಾಲು ನೆಟ್ಟ ಕಡೆಯಿಂದ ಅಲುಗಿರಲಿಲ್ಲ.

ಮಂಜುಶ್ರೀ ಫ್ಲಾಸ್ಕ್ ಕೆಳಗಿಟ್ಟು ಓಡಿದಳು.

“ಯಾಕವ್ವ, ನಾಯಿ ಅಟ್ಟಿಸ್ಕಂಡು ಬಂತಾ?” ಎಂದು ತಾತ ಹಿಂದಿನಿಂದ ಕೂಗಿದ.

ಮನೆಯಲ್ಲಿ ಅವಳು ಚಿತ್ರಗಳನ್ನು ಮತ್ತೆ ಹರಡಿದಳು. ಇಷ್ಟು ದಿನ ರೆಕ್ಕೆಗಳನ್ನೇ ನೋಡಿದ್ದಳು. ಈಗ ಹೊಟ್ಟೆಯ ಕೆಳಗೆ ನೋಡಿದಳು. ಸ್ಪಿಟ್‌ಫೈರ್‌ನ ಎರಡು ಗಾಲಿಗಳು ಹತ್ತಿರ ಹತ್ತಿರ. ಹರಿಕೇನ್‌ನ ಗಾಲಿಗಳು ದೂರ ದೂರ.

ಮರುದಿನ ಶಿವಕಿರಣ್ ಮೂತಿ ಉಬ್ಬಿಸಿಕೊಂಡೇ ಚಿತ್ರಗಳಲ್ಲಿ ಗಾಲಿಗಳ ನಡುವಿನ ಅಂತರಕ್ಕೆ ಸ್ಕೇಲಿಟ್ಟು ಅಳೆದ. ಮತ್ತೊಮ್ಮೆ ಅಳೆದ.

“ನಮ್ಮ ಫೀಲ್ಡ್ ಏನು ರನ್‌ವೇನಾ? ಬರೀ ಹಳ್ಳ, ದಿಣ್ಣೆ,” ಎಂದಳು ಮಂಜುಶ್ರೀ. “ಹರಿಕೇನ್ ಆದ್ರೆ ನಿಲ್ಲುತ್ತೆ ಕಣೋ.”

“ಆಯ್ತು, ಬಳೀತೀನಿ. ಆದ್ರೆ ನಾನು ಗೂಬೆ ಅಂತಾನೇ ಕರೆಯೋದು.”

ಹಾರಿಸುವ ದಿನ ಸರಸ್ವತಿಪುರಂ ಮೈದಾನದ ಸುತ್ತ ಇಡೀ ಕ್ಲಾಸ್ ನಿಂತಿತ್ತು. ಮಂಜುಶ್ರೀ ನಡುವೆ ತಂತಿಯ ಹಿಡಿ ಹಿಡಿದು ನಿಂತಳು. ಸರ್ ಎಂಜಿನ್ ಚಾಲೂ ಮಾಡಿದರು. ಶಿವಕಿರಣ್ ಹಿಡಿದಿದ್ದ ವಿಮಾನವನ್ನು ಬಿಟ್ಟ.

ಹರಿಕೇನ್ ಓಡಿತು. ಒಂದು ಗಾಲಿ ದಿಣ್ಣೆ ಹತ್ತಿ ರೆಕ್ಕೆ ವಾಲಿತು. ಯಾರೋ “ಅಯ್ಯೋ, ಹೋಯ್ತು” ಎಂದರು. ಮಂಜುಶ್ರೀ ಮಣಿಕಟ್ಟು ಅಲುಗಿಸಲಿಲ್ಲ. ವಾಲಿದ ವಿಮಾನ ದಪ್ಪೆಂದು ಎರಡೂ ಗಾಲಿಯ ಮೇಲೆ ಕೂತಿತು, ಓಡಿತು, ಅವಳು ಮಣಿಕಟ್ಟು ಬಾಗಿಸಿದ್ದೇ ಎದ್ದಿತು.

ಆಮೇಲೆ ಮರ, ಗೋಡೆ, ಹುಡುಗರು ಎಲ್ಲ ಕಲಸಿಹೋದವು. ಶಿವಕಿರಣ್ ಅಷ್ಟು ಮುತುವರ್ಜಿಯಿಂದ ಬಳಿದ ಬಣ್ಣವೂ ಅವಳಿಗೆ ಕಾಣಲಿಲ್ಲ. ಕೈಯಲ್ಲಿ ತಂತಿಯ ಎಳೆತ ಮಾತ್ರ ಇತ್ತು, ಜಾತ್ರೆಯಲ್ಲಿ ಕೈಹಿಡಿದು ಎಳೆಯುವ ಮಗುವಿನ ಹಾಗೆ.

ಎಣ್ಣೆ ತೀರಿ ಎಂಜಿನ್ ಸದ್ದು ನಿಂತಿತು. ಅವಳು ಮೆಲ್ಲನೆ ಕೈ ಇಳಿಸಿದಳು. ಹರಿಕೇನ್ ನೆಲ ಮುಟ್ಟಿತು, ಕುಪ್ಪಳಿಸಿತು, ಒಂದಷ್ಟು ದೂರ ಉರುಳಿ ನಿಂತಿತು.

“ಗೂಬೆ ನಿಂತ್ಬುಡ್ತು ಕಣೇ,” ಎಂದು ಶಿವಕಿರಣ್ ಓಡಿ ಬಂದ. “ನಿಂಗೆ ತಲೆ ತಿರುಗ್ತಿಲ್ವಾ?”

ತಿರುಗುತ್ತಿತ್ತು. ಮೈದಾನವೇ ಸುತ್ತುತ್ತಿತ್ತು. ಆದರೂ ಅವಳು ಬಿದ್ದಿರಲಿಲ್ಲ. ಮಂಜುಶ್ರೀ ಬಗ್ಗಿ ತನ್ನ ಕಾಲುಗಳನ್ನು ನೋಡಿಕೊಂಡಳು. ಯಾವಾಗಲೋ ಏನೋ, ಅವು ತಾವಾಗೇ ಅಗಲವಾಗಿ ನಿಂತಿದ್ದವು.