ಶಿರೋಳದ ದಾರಿಯಲ್ಲಿ ಎರಡು ಸೈಕಲ್

ಪುಷ್ಪಾವತಿ ಬಿದ್ದದ್ದು ಮಂಗಳವಾರ. ಬುಧವಾರ ಬೆಳಿಗ್ಗೆ ಅದೇ ಜಾಗದಲ್ಲಿ ತನ್ನ ಸೈಕಲ್ಲನ್ನು ರಸ್ತೆಗೆ ಅಡ್ಡ ನಿಲ್ಲಿಸಿಕೊಂಡು ತನ್ನನ್ನು ಬೀಳಿಸಿದವನಿಗಾಗಿ ಕಾದಳು.

ನರಗುಂದದಿಂದ ಶಿರೋಳಕ್ಕೆ ದಿನವೂ ಟಪಾಲು ಒಯ್ಯುವ ಕೆಲಸ ಅವಳದು. ಕೆಲವು ದಿನಗಳಿಂದ ಕೆಂಪು ಜೆರ್ಸಿಯವನೊಬ್ಬ ರೇಸಿನ ಸೈಕಲ್ಲಿನಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರದಿಂದ ದಾಟಿಹೋಗುತ್ತಿದ್ದ. ನಿನ್ನೆ ತಾಗಿಯೇ ಬಿಟ್ಟಿತ್ತು. ಅವಳು, ಟಪಾಲು ಚೀಲ, ಸೈಕಲ್ಲು ಮೂರೂ ಎರೆಮಣ್ಣಿನ ಕೆಸರಿಗೆ ಬಿದ್ದವು. ಅವನು ತಿರುಗಿಯೂ ನೋಡಲಿಲ್ಲ.

ಇಂದು ಬ್ರೇಕ್ ಹಿಡಿಯದೆ ಅವನಿಗೆ ಬೇರೆ ದಾರಿ ಇರಲಿಲ್ಲ.

"ಕಿವ್ಯಾಗಿಂದು ತಗೀರಿ," ಎಂದಳು.

ಅವನು ಇಯರ್‌ಫೋನ್ ತೆಗೆದ. "ಏನ್ರಿ?"

"ನಿನ್ನೆ ಇಲ್ಲೇ ನಿಮ್ಮ ಮೊಣಕೈ ನನ್ನ ಹ್ಯಾಂಡಲ್‌ಗೆ ಬಡೀತು."

"ಬಿದ್ರೇನ್ರಿ ನೀವು?"

"ಇಲ್ರಿ. ನೆಲ ಹ್ಯಾಂಗೈತಿ ಅಂತ ನೋಡಾಕ ಸ್ವಲ್ಪ ಹೊತ್ತು ಮಲಗಿದ್ದೆ."

ಅವಳ ಕೈಯ ಬ್ಯಾಂಡೇಜ್ ನೋಡಿ ಅವನ ಮುಖ ಜೆರ್ಸಿಯ ಬಣ್ಣಕ್ಕೆ ತಿರುಗಿತು. "ಖರೇನ ಗೊತ್ತಾಗಲಿಲ್ರಿ. ರೇಸಿನ ಸೈಕಲ್‌ಗೆ ಬೆಲ್ ಇರೂದಿಲ್ಲ."

"ಬಾಯಿ ಇರತೈತಲ್ರಿ?"

ಅವನಿಗೆ ನಗು ಬಂತು, ನುಂಗಿಕೊಂಡ. ಅದು ಅವಳ ಕಣ್ಣಿಗೆ ಬಿತ್ತು. ಸಿಟ್ಟು ಮಾಡಬೇಕೆಂದುಕೊಂಡರೆ ಅದೇಕೋ ಬರಲಿಲ್ಲ.

ಅವನ ಹೆಸರು ಅಮರೇಶ, ನರಗುಂದದ ಸಾಲೆಯೊಂದರಲ್ಲಿ ಆಟದ ಮೇಷ್ಟ್ರು. ದವಾಖಾನೆಯ ಖರ್ಚು ಕೊಡುತ್ತೇನೆಂದ. ಅವಳು ಚೀಲದಿಂದ ಒಂದು ಇನ್‌ಲ್ಯಾಂಡ್ ಪತ್ರ ತೆಗೆದು ತೋರಿಸಿದಳು. ಅಕ್ಷರಗಳೆಲ್ಲ ನೀರಾಗಿ ಹರಿದು, ಹಾಳೆ ತುಂಬ ನೀಲಿ ಮಾತ್ರ ಉಳಿದಿತ್ತು.

"ಇದು ಶಿರೋಳದ ಶೇಖವ್ವಾಯಿಗೆ ಬಂದದ್ದು. ಗಜೇಂದ್ರಗಡದಾಗಿರೋ ಆಕಿ ಅಕ್ಕ ಬರದಾಳ. ಅಕ್ಕಗ ಕಿವಿ ಕೇಳೂದಿಲ್ಲ, ಫೋನ್ ಉಪಯೋಗಿಲ್ಲ. ಮೂರು ವಾರದಿಂದ ಈಕಿ ದಾರಿ ನೋಡಾಕತ್ತಾಳ. ಏನು ಹೇಳ್ಲಿ ನಾನು?"

ಅಮರೇಶ ಪತ್ರವನ್ನು ಬಹಳ ಹೊತ್ತು ನೋಡಿದ. "ಅಕ್ಕನ ಮನಿ ಎಲ್ಲೈತಿ, ಹೇಳ್ರಿ," ಎಂದ.

ಐತವಾರ ಅವನು ಸೈಕಲ್ ಹೊಡೆದುಕೊಂಡು ಗಜೇಂದ್ರಗಡಕ್ಕೆ ಹೋದ. ಸೋಮವಾರ ಶಿರೋಳಕ್ಕೆ ಬಂದು, ಪುಷ್ಪಾವತಿಯ ಜೊತೆ ಶೇಖವ್ವನ ಕಟ್ಟೆಯ ಮೇಲೆ ಕುಳಿತ. ತಪ್ಪು ತನ್ನದೆಂದು ಮೊದಲು ಹೇಳಿದ. ಆಮೇಲೆ, "ಅಕ್ಕನ ಕಣ್ಣಿನ ಆಪರೇಶನ್ ಚಲೋ ಆಗೇತ್ರಿ ಆಯಿ. ಮತ್ತ ಮಗ್ಗದ ಮುಂದ ಕುಂದರಾಕತ್ತಾಳ. ಹರಿದ ಎಳಿ ತಾನ ಕಟ್ಟತಾಳ. ಕಟ್ಟಿ ತೋರಿಸಿದ್ಲು ನನಗ," ಎಂದ.

ಶೇಖವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಕಾಗದಾ ಬಂದಿದ್ರ ಇಷ್ಟು ತಿಳೀತಿದ್ದಿಲ್ಲ ತಮ್ಮಾ. ಹೊಟ್ಟಿ ತಣ್ಣಗಾತು," ಎಂದಳು.

ಪುಷ್ಪಾವತಿ ಆ ಹೊತ್ತಿಗೆ ಅವನನ್ನು ನೋಡುತ್ತಿದ್ದಳು. ಅವನೂ ನೋಡಿದ. ಅವಳು ಬೇಗನೆ ಟಪಾಲು ಚೀಲದ ಬಕಲ್ ಹಾಕತೊಡಗಿದಳು. ಅದು ಆಗಲೇ ಹಾಕಿತ್ತು.

ಅಲ್ಲಿಂದ ಮುಂದೆ ಅವನು ಇಯರ್‌ಫೋನ್ ಬಿಟ್ಟ. ದೂರದಿಂದಲೇ, "ಬಲಕ್ಕ ಬರಾಕತ್ತೀನ್ರಿ," ಎನ್ನುತ್ತಿದ್ದ. ಆದರೆ ದಾಟಿ ಮಾತ್ರ ಹೋಗುತ್ತಿರಲಿಲ್ಲ.

"ಪ್ರ್ಯಾಕ್ಟೀಸ್ ಹಾಳಾಕ್ಕೈತಿ ಸರ."

"ನಿಧಾನ ಹೊಡಿಯೂದು ಭಾಳ ಕಷ್ಟದ ಪ್ರ್ಯಾಕ್ಟೀಸ್ರಿ."

ರೋಣದಿಂದ ನರಗುಂದಕ್ಕೆ ಸೈಕಲ್ ರೇಸ್ ಇತ್ತು. ಮೂವತ್ತು ದಾಟಿದವರಿಗೆ ಅದರಲ್ಲಿ ಪ್ರವೇಶವಿಲ್ಲ. ಅವನಿಗೆ ಇದೇ ಕೊನೆಯ ಸಲ, ಹಿಂದಿನ ಮೂರು ಸಲವೂ ಎರಡನೆಯವನಾಗಿದ್ದ. "ಗೆದ್ರ ನಿಮಗೊಂದು ಮಾತು ಕೇಳೂದೈತಿ," ಎಂದಿದ್ದ. ಸೋತರೆ ಕೇಳುವುದಿಲ್ಲವೇ ಎಂದು ಅವಳು ಕೇಳಲಿಲ್ಲ. ರಾತ್ರಿಯಿಡೀ ಅದೇ ಯೋಚನೆಯಾಗಿತ್ತು.

ರೇಸಿನ ಐತವಾರ ಅವಳು ನರಗುಂದದಲ್ಲಿ ಗೆಲುವಿನ ಗೆರೆಯ ಹತ್ತಿರ ನಿಂತಳು. ಮೊದಲನೆಯವನು ಬಂದ. ಹತ್ತನೆಯವನು ಬಂದ. ಕೆಂಪು ಜೆರ್ಸಿ ಕಾಣಲಿಲ್ಲ.

"ಬೆಳವಣಕಿ ಹತ್ರ ಬಿದ್ದಾರಂತ. ಒಬ್ಬಂವಗ ತಲಿಗೆ ಪೆಟ್ಟಾಗೇತಂತ," ಎಂದರು ಯಾರೋ.

ಅಮರೇಶನ ಫೋನ್ ಹತ್ತಲಿಲ್ಲ. ಅವಳು ಸೈಕಲ್ ಹತ್ತಿ ದವಾಖಾನೆಗೆ ಹೋದಳು. ಗೇಟಿನ ಬಳಿ ಕಬ್ಬಿಣದ ಸರಳು ಹಿಡಿದು ನಿಂತಳು. ಕಟ್ಟೆಯ ಮೇಲೆ ಅವನು ಹೇಳಿದ ಒಂದೊಂದು ಮಾತೂ ನೆನಪಾಯಿತು. ತಾನು ಅವನಿಗೆ ಒಂದು ಒಳ್ಳೆಯ ಮಾತನ್ನೂ ನೆಟ್ಟಗೆ ಆಡಿಲ್ಲವೆನ್ನಿಸಿತು.

ಆಂಬುಲೆನ್ಸ್ ಬಂತು. ಸ್ಟ್ರೆಚರಿನಲ್ಲಿ ಯಾರನ್ನೋ ಇಳಿಸಿದರು. ಅವಳಿಗೆ ಮುಖ ನೋಡುವ ಧೈರ್ಯವಾಗಲಿಲ್ಲ. ಹಿಂದೆಯೇ ಅಮರೇಶ ಇಳಿದ, ತನ್ನ ಕಾಲ ಮೇಲೆ. ಎದೆಯ ತುಂಬ ರಕ್ತ.

"ನಂದಲ್ರಿ," ಎಂದ ಅವಳ ಕಣ್ಣು ಹೋದ ಕಡೆ ನೋಡಿ. "ನನ್ನ ಜೋಡಿ ರೇಸಿನ್ಯಾಗಿದ್ದ ರಾಯಣ್ಣಂದು. ನನಗ ಏನೂ ಆಗಿಲ್ಲ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಅರ್ಧ ತಾಸಿನ ಮೇಲೆ ಡಾಕ್ಟರು ಹೊರಬಂದು, ರಾಯಣ್ಣನಿಗೆ ಭುಜದ ಎಲುಬು ಮುರಿದಿದೆ, ತಲೆಗೆ ಆದದ್ದು ಮೇಲಿನ ಗಾಯ ಅಷ್ಟೇ, ಜೀವಕ್ಕೆ ಭಯವಿಲ್ಲ ಎಂದರು. ಆಗ ಅಮರೇಶನೂ ಉಸಿರು ಬಿಟ್ಟು ಅವಳ ಪಕ್ಕ ಕುಳಿತ.

"ಮುಂದಿದ್ದಂವ ಬೇಕಂತನ ರಾಯಣ್ಣಗ ಅಡ್ಡ ಬಂದ. ಇಂವ ಬಿದ್ದ. ನಾ ತಪ್ಪಿಸಿಕೊಂಡು ಹತ್ತು ಮಾರು ಮುಂದ ಹೋಗಿಬಿಟ್ಟಿದ್ದೆ," ಎಂದ. "ನನ್ನ ಮುಂದ ಇಬ್ಬರ ಇದ್ರು. ಗೆಲ್ಲತಿದ್ದೆ. ಹತ್ತು ಮಾರು ತನಕ ಗೆಲ್ಲೂದ ತಲ್ಯಾಗಿತ್ತು. ಸುಳ್ಳು ಯಾಕ ಹೇಳ್ಲಿ."

"ಆಮ್ಯಾಲ?"

"ಆಮ್ಯಾಲ ತಿರುಗಿದೆ."

ಅವಳು ಅವನ ಕೈಯನ್ನು ತೆಗೆದುಕೊಂಡು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಳು. ಉಗುರುಗಳಲ್ಲಿ ರಕ್ತ ಒಣಗಿತ್ತು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಗೆದ್ರ ಏನೋ ಕೇಳಾವ್ರು ಇದ್ರಿ," ಎಂದಳು.

"ಸೋತೀನಲ್ರಿ."

"ಕೇಳ್ರಿ."

"ನನ್ನ ಮದುವಿ ಆಗ್ತೀರೇನ್ರಿ?"

ಅವಳ ಕಣ್ಣು ತುಂಬಿ, ನಗುವೂ ಬಂತು. "ಅಪ್ಪನ್ನ ಕೇಳಬೇಕು. ಐತವಾರ ಮನ್ಯಾಗಿರ್ತಾನ."

"ಇವತ್ತ ಐತವಾರ ಐತಲ್ರಿ."

"ಹೌದು. ಅದಕ್ಕ ಹೇಳಾಕತ್ತೀನಿ."

ಅವನು ತನ್ನ ಎದೆ ನೋಡಿಕೊಂಡ. "ಈ ಅಂಗಿ ಮ್ಯಾಲ?"

"ನಳದಾಗ ಮಾರಿ ತೊಳಕೊಂಡು ಬರ್ರಿ," ಎಂದು ಪುಷ್ಪಾವತಿ ಎದ್ದಳು. "ಅಂಗಿ ಅಪ್ಪಂದ ಕೊಡ್ತೀನಿ."