ದೊರೆ ಒಲೆಯ ಮೇಲೆ ಟೀವಿ

ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಟೀವಿ ಕೂರಿಸುವವನು ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಾನು ಆಂಟೆನಾ ಮುಟ್ಟಿದರೆ ಸಾಕು, ಬೆಂಗಳೂರಿನಲ್ಲಿ ವಾರ್ತೆ ಓದುವವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು. ಇಂಥ ನರಸಿಂಹಪ್ಪನನ್ನು ಎಂಬತ್ತೇಳನೇ ಇಸವಿಯಲ್ಲಿ ಮೇಲೂರಿನ ಒಬ್ಬ ಹುಡುಗಿ ಸ್ಟೂಲಿನ ಮೇಲೆ ನಿಲ್ಲಿಸಿ, ಬೆಂಕಿಯಿಲ್ಲದೆ ಬೇಯಿಸಿದಳು.

ಹೆಸರು ವೆಂಕಟರತ್ನಮ್ಮ. ರತ್ನ ಅಂದರೆ ತಿರುಗುತ್ತಿದ್ದಳು. ತಿರುಗಿದರೆ ನನ್ನ ಕೈಲಿದ್ದ ಸ್ಪ್ಯಾನರ್ ಬೀಳುತ್ತಿತ್ತು.

ಅವಳ ಅಪ್ಪ ವೆಂಕಟರಾಮಪ್ಪ ನನಗೆ ವರಸೆಯಲ್ಲಿ ಮಾವ. ಅವರು ನಂದಿ ಬೆಟ್ಟದ ಯಾವುದೋ ಬಂಗಲೆಯಲ್ಲಿ ಗೋಡೆಯೊಳಗಿನ ಒಲೆ ನೋಡಿಬಂದು, ತಮ್ಮ ಹೊಸ ಮನೆಯ ಹಾಲಿನಲ್ಲೂ ಅಂಥದ್ದೇ ಒಂದು ಕಟ್ಟಿಸಿದ್ದರು. ಅವರ ಬಾಯಲ್ಲಿ ಅದು ಫೈರ್‌ಪ್ಲೇಸು, ಊರವರ ಬಾಯಲ್ಲಿ ದೊರೆ ಒಲೆ. ಗೃಹಪ್ರವೇಶದ ದಿನ ಮಾವನ ತಾಯಿ ಅಮ್ಮಾಜಮ್ಮ, "ಒಲೆ ಅಂದ್ಮೇಲೆ ಒಲೇನೆ, ಹಾಲುಕ್ಕಿಸದೆ ನಾನು ಬಿಡಲ್ಲ" ಎಂದು ಹಟ ಹಿಡಿದು ಅದರಲ್ಲೇ ಹಾಲುಕ್ಕಿಸಿದರು. ಹೊಗೆಗೆ ಚಿಂತಾಮಣಿಯವರೆಗೂ ಜನ ಕಣ್ಣೊರೆಸಿಕೊಂಡರು. ಆಮೇಲೆ ಅದನ್ನು ಯಾರೂ ಹೊತ್ತಿಸಲಿಲ್ಲ.

ಆ ಒಲೆಯ ಮೇಲಿನ ಗೋಡೆಗೆ ಕಲರ್ ಟೀವಿ ಕೂರಿಸಬೇಕೆಂದು ಮಾವ ಹೇಳಿಕಳಿಸಿದರು. ಶುಕ್ರವಾರ ಬೆಳಿಗ್ಗೆಯೇ ಆಂಗಲ್ ಸ್ಟ್ಯಾಂಡು, ಉಳಿ, ಸುತ್ತಿಗೆ ಹೊತ್ತುಕೊಂಡು ಹೋದೆ. ತಲೆಗೆ ಎಣ್ಣೆ ಸ್ವಲ್ಪ ಜಾಸ್ತಿಯೇ ಹಚ್ಚಿದ್ದೆ.

"ಭಾನುವಾರದೊಳಗೆ ಮುಗೀಬೇಕು ಬಾವ," ಅಂದಳು ರತ್ನ, ಸ್ಟೂಲು ಹಿಡಿದುಕೊಂಡು. "ಗೌರಿಬಿದನೂರಿನವರು ನನ್ನ ನೋಡೋಕೆ ಬರ್ತಾರೆ."

ಉಳಿಯ ಮೇಲೆ ಬೀಳಬೇಕಿದ್ದ ಸುತ್ತಿಗೆ ನನ್ನ ಹೆಬ್ಬೆರಳಿನ ಮೇಲೆ ಬಿತ್ತು.

"ಯಾರು?"

"ಚನ್ನಕೇಶವ ಅಂತೆ. ಬ್ಯಾಂಕಲ್ಲಿದಾರೆ. ಕನ್ನಡಕ ಹಾಕ್ತಾರಂತೆ." ಕಣ್ಣೆತ್ತಿ ನನ್ನ ನೋಡಿ, ನಾನು ನೋಡುವಷ್ಟರಲ್ಲಿ ಕಣ್ಣು ತಗ್ಗಿಸಿದಳು. "ಟೀವಿ ಜಾಸ್ತಿ ಮೇಲೆ ಹೋದ್ರೆ ಅವ್ರಿಗೆ ಕಾಣುತ್ತೋ ಇಲ್ವೋ."

ನಾನು ತೂತನ್ನು ಒಂದು ಗೇಣು ಮೇಲಕ್ಕೆ ಕೊರೆದೆ.

"ನಾನು ಹಾಕೋ ಬೋಲ್ಟಿಗೆ ನಂದಿ ಬೆಟ್ಟಾನೇ ನೇತುಹಾಕ್ಬೋದು ಕಣೇ," ಅಂದೆ. "ಹೋದ ತಿಂಗಳು ದಿಬ್ಬೂರಹಳ್ಳೀಲಿ ನಾನು ಹಾಕಿದ ಆಂಟೆನಾಕ್ಕೆ ರಷ್ಯಾ ಬಂತು."

"ಬೆಟ್ಟ ಆಯ್ತು, ರಷ್ಯಾ ಆಯ್ತು," ಅಂದಳು, ಸ್ಟೂಲು ಹಿಡಿದೇ ನಗುತ್ತ. "ಹೇಳ್ಬೇಕಾದ್ದು ಮಾತ್ರ ನಿನ್ನ ಬಾಯಲ್ಲಿ ಬರಲ್ಲ."

"ಏನು ಹೇಳ್ಬೇಕಾಗಿತ್ತು?"

ಅವಳು ಸ್ಟೂಲು ಬಿಟ್ಟು ಹೋದಳು. ನಾನು ಬೀಳಲಿಲ್ಲ. ಬಿದ್ದಿದ್ದರೆ ನೆಲ ಒಡೆಯುತ್ತಿತ್ತು.

ಮಧ್ಯಾಹ್ನ ಟೀವಿ ಕೂರಿಸಿದ ಮೇಲೆ ಅವಳ ಸಿಂಗಾರ ಶುರುವಾಯಿತು. ಟೀವಿಯ ನೆತ್ತಿಗೆ ತಾನೇ ಹೆಣೆದ ಕ್ರೋಶಾ ಬಟ್ಟೆ, ಅದರ ಮೇಲೆ ಚನ್ನಪಟ್ಟಣದ ಬೊಂಬೆ ಜೋಡಿ, ಒಲೆಯ ಬಾಯಿಗೆ ಪ್ಲಾಸ್ಟಿಕ್ ಗುಲಾಬಿ ತುಂಬಿದ ಹಿತ್ತಾಳೆ ಬಿಂದಿಗೆ. ಒಂದೊಂದನ್ನೂ ಇಟ್ಟು ಹಿಂದೆ ಸರಿದು, ತಲೆ ವಾರೆ ಮಾಡಿ ನೋಡುತ್ತಿದ್ದಳು. ಹಣೆಯ ಮೇಲೆ ಒಂದು ಎಳೆ ಕೂದಲು ಬಿದ್ದಿತ್ತು. ಇಷ್ಟು ಅಂದ ಆ ಕನ್ನಡಕಕ್ಕಾ ಎಂದು ನನ್ನ ಹೊಟ್ಟೆ ಉರಿಯಿತು. ದೊರೆ ಒಲೆಯಲ್ಲಿ ಎಂದೂ ಅಷ್ಟು ಚೆನ್ನಾಗಿ ಬೆಂಕಿ ಹತ್ತಿರಲಿಲ್ಲ.

ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದೆ. "ಬಂತಾ?" ಎಂದು ಕೂಗಿದೆ. ಉತ್ತರ ಬಂದದ್ದು ಕಿಟಕಿಯಿಂದಲ್ಲ, ನನ್ನ ಪಕ್ಕದ ಹೊಗೆಗೂಡಿನಿಂದ. ಕಿವಿಗೇ ಬಾಯಿಟ್ಟಂತೆ, ಮೆಲ್ಲಗೆ. ಬಿಂದಿಗೆ ಸರಿಸಿ ಅವಳು ಒಲೆಯೊಳಗೆ ತಲೆ ತೂರಿಸಿದ್ದಳು.

"ಇಲ್ಲ ಬಾವ. ಇನ್ನೂ ಸ್ವಲ್ಪ ಬಲಕ್ಕೆ."

"ಈಗ ಬಂತಾ?"

"ಬಂದಂಗಾಯ್ತು, ಹೋಯ್ತು."

ಮೊದಲನೇ ತಿರುವಿಗೇ ಚಿತ್ರ ಬಂದಿತ್ತೆಂದು ಅಮ್ಮಾಜಮ್ಮ ಆಮೇಲೆ ಹೇಳಿದರು. ರತ್ನ ಹೊತ್ತು ಮುಳುಗುವವರೆಗೂ "ಇಲ್ಲ ಬಾವ" ಅನ್ನುತ್ತಲೇ ಇದ್ದಳು.

ಭಾನುವಾರ ಸಂಜೆ ಗಂಡಿನವರು ಬಂದರು. ಗಾಳಿಗೆ ಆಂಟೆನಾ ಅಲುಗಬಾರದು ಎಂದು ಮಾವ ನನ್ನನ್ನು ಮಾಳಿಗೆಯ ಮೇಲೆ ಕೂರಿಸಿದರು. ನಾನು ಹೊಗೆಗೂಡಿಗೆ ಕಿವಿ ಕೊಟ್ಟು ಕೂತೆ. ಕೆಳಗೆ ಟೀವಿ ಹಾಕಿದ್ದರು.

"ಟೀವಿ ತುಂಬ ಮೇಲಿದೆ, ಕತ್ತು ನೋಯುತ್ತೆ," ಅಂತು ಒಂದು ಹೊಸ ಗಂಟಲು. "ಆದ್ರೆ ಅಲಂಕಾರ ಚೆನ್ನಾಗಿದೆ. ನೀವೇ ಮಾಡಿದ್ದಾ?"

"ಹೂಂ," ಅಂದಳು ರತ್ನ. ನಕ್ಕಳು.

ಅದು ನನ್ನ ನಗು. ಸ್ಟೂಲು ಹಿಡಿದುಕೊಂಡು ನಗುತ್ತಿದ್ದಳಲ್ಲ, ಅದೇ. ಆ ಕನ್ನಡಕದವನಿಗೆ ಅದನ್ನು ಕೇಸರಿಭಾತಿನ ಜತೆ ಬಡಿಸಿಬಿಟ್ಟಳು. ನಾನು ಎದ್ದು ಆಂಟೆನಾದ ಪೈಪು ತಬ್ಬಿ ಆಂಧ್ರದ ಕಡೆಗೆ ತಿರುಗಿಸಿದೆ. ಕೆಳಗೆ ಟೀವಿ ಗೊರ್ರೆಂದಿತು.

"ಅವನನ್ನ ಕೇಳಮ್ಮ, ಏನಾಯ್ತು ಅಂತ," ಅಂದರು ಮಾವ.

ಬಿಂದಿಗೆ ಸರಿದ ಸದ್ದು. "ಬಾವ, ಚಿತ್ರ ಯಾಕೆ ಹೋಯ್ತು?"

"ಗಾಳಿ," ಅಂದೆ.

"ಹಿತ್ತಲಲ್ಲಿ ಒಂದು ಎಲೇನೂ ಅಲ್ಲಾಡ್ತಿಲ್ಲ."

"ಇಲ್ಲಿ ಮೇಲೆ ಬಿರುಗಾಳಿ ಕಣೇ. ಇಡೀ ಮಾಳಿಗೇನೆ ನಾನು ಹಿಡ್ಕೊಂಡಿದೀನಿ."

ಟೀವಿಯ ಗೊರ್ರಿನ ಮರೆಯಲ್ಲಿ ಅವಳು ದನಿ ತಗ್ಗಿಸಿದಳು. ಈಗ ಆ ದನಿಯಲ್ಲಿ ತಮಾಷೆಯಿರಲಿಲ್ಲ.

"ಬಾವ, ಅಪ್ಪ ಇವತ್ತೇ ತಾಂಬೂಲ ಬದಲಾಯಿಸ್ತಾರೆ. ಏನಾದ್ರೂ ಹೇಳೋದಿದ್ರೆ ಈಗ ಹೇಳು. ಬೆಟ್ಟ, ಬಿರುಗಾಳಿ ಏನೂ ಸೇರಿಸ್ಬೇಡ."

ನನಗೆ ಮಾತು ಬರಲಿಲ್ಲ. ನನಗೆ. ಮಾತಿನಲ್ಲೇ ಮೂರು ತಾಲ್ಲೂಕು ಗೆದ್ದವನಿಗೆ. ಬಾಯಿಗೆ ಬಂದದ್ದೆಲ್ಲ ದೊಡ್ಡ ದೊಡ್ಡದಾಗಿತ್ತು. ಒಂದೊಂದಾಗಿ ನುಂಗಿಕೊಂಡೆ. ಕೊನೆಗೆ ಗಂಟಲಲ್ಲಿ ಒಂದೇ ಉಳಿಯಿತು. ಹೊಗೆಗೂಡಿಗೆ ಬಗ್ಗಿದೆ.

"ನಂಗೆ ನೀನು ಬೇಕು ರತ್ನ."

ಗಾಬರಿಯಲ್ಲಿ ಪೈಪು ಅದಾಗಿಯೇ ತಿರುಗಿರಬೇಕು, ಟೀವಿಯ ಗೊರ್ರು ನಿಂತಿತು. ಒಲೆಯ ಬಾಯಿಂದ ನನ್ನ ದನಿ ಎಲ್ಲರ ಕೇಸರಿಭಾತಿನ ತಟ್ಟೆಗೂ ಬಿದ್ದಿತ್ತು.

"ಏಮಿರಾ ಇದಿ?" ಎಂದು ಮಾವ ಸಿಟ್ಟಿನಲ್ಲಿ ತೆಲುಗಿಗೆ ಜಾರಿ ಎದ್ದದ್ದು ಕೇಳಿಸಿತು. "ಅವನನ್ನ ಇಳಿಸ್ತೀನಿ ಇರು."

"ಕೂತ್ಕೊಳಪ್ಪ," ಅಂದರು ಅಮ್ಮಾಜಮ್ಮ. "ಆ ಒಲೇಲಿ ನಾನು ಹಾಲುಕ್ಕಿಸಿದೀನಿ. ಅದು ಮನೆ ಒಲೆ. ಅದರ ಬಾಯಿಂದ ಬಂದ ಮಾತನ್ನ ತಳ್ಳಿಹಾಕಿ ಯಾರ ಕೈಲಿ ತಾಂಬೂಲ ಇಡ್ತೀಯ? ಮೊದಲು ಮಗೂನ ಕೇಳು."

"ರತ್ನ?" ಅಂದರು ಮಾವ.

ರತ್ನ ಏನಂದಳೋ ಕೇಳಲಿಲ್ಲ. ಕೇಳಿದ್ದು ಹೊಸ ಗಂಟಲು.

"ಬಿಡಿ ಯಜಮಾನ್ರೆ. ಅವರು ತಲೆ ಆಡಿಸಿದ್ದು ನಂಗೂ ಕಾಣಿಸ್ತು, ಕನ್ನಡಕ ಇದೆಯಲ್ಲ. ಇನ್ನೊಂದು ಲೋಟ ಕಾಫಿ ಕೊಟ್ರೆ ಕುಡಿದು ಹೊರಡ್ತೀವಿ."

ಗೌರಿಬಿದನೂರಿನ ಬಗ್ಗೆ ಅಂದಿನಿಂದ ನಾನು ಕೆಟ್ಟ ಮಾತಾಡಿಲ್ಲ.

ಆದರೆ ಆ ಹೊತ್ತಿನಲ್ಲಿ ನನಗೆ ಇಳಿಯುವ ಧೈರ್ಯವೇ ಬರಲಿಲ್ಲ. ಪೈಪನ್ನು ಎರಡೂ ಕೈಯಲ್ಲಿ ಹಿಡಿದು, ಬೇರೇನೂ ತೋಚದೆ, ದಿನವೂ ಕೇಳುವುದನ್ನೇ ಹೊಗೆಗೂಡಿಗೆ ಕೇಳಿದೆ.

"ಬಂತಾ?"

ಬಿಂದಿಗೆ ಸರಿಯಿತು. ಬಳೆ ಸದ್ದಾಯಿತು. ಅವಳ ಉಸಿರು ಮೊದಲು ಬಂತು, ಆಮೇಲೆ ಮಾತು.

"ಬಂತು ಬಾವ. ಇನ್ನು ಅಲ್ಲಾಡಿಸ್ಬೇಡ."